ಮೂರು ಪಕ್ಷ, ಒಂದು ಬೇಡಿಕೆ: ಮಲಯಾದ ಸ್ವಾತಂತ್ರ್ಯದ ಕಥೆ



ನಮ್ಮ ಊರುಗಳಲ್ಲಿ ಮನೆಯೊಳಗೆ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು. ಇದು ನಿಮಗೆ ಹೊಸದಲ್ಲ. ಇಡೀ ದೇಶವೇ ಹೀಗಿದ್ದರೆ ಅದು ಒಂದೇ ದನಿಯಲ್ಲಿ ಸ್ವಾತಂತ್ರ್ಯ ಕೇಳುವುದು ಹೇಗೆ? ಮಲಯಾ ಈ ಪ್ರಶ್ನೆಗೆ ಉತ್ತರ ಹುಡುಕಿತು.

ಮಲಯಾ ಎಂದರೆ ಇಂದಿನ ಮಲೇಷ್ಯಾದ ಪರ್ಯಾಯ ದ್ವೀಪ ಭಾಗ. ಬ್ರಿಟಿಷರ ಕಾಲದಲ್ಲಿ ತವರದ ಗಣಿಗಳಿಗೆ ಚೀನಾದಿಂದಲೂ, ರಬ್ಬರ್ ತೋಟಗಳಿಗೆ ನಮ್ಮ ದಕ್ಷಿಣ ಭಾರತದಿಂದಲೂ, ಅದರಲ್ಲೂ ತಮಿಳು ಸೀಮೆಯಿಂದ, ಕೂಲಿಕಾರರು ಹೋದರು. ಅಲ್ಲಿಯ ಮಲಯರು ಹೆಚ್ಚಾಗಿ ಹಳ್ಳಿಗಳ ರೈತರು. "ಮೊದಲು ನೀವು ಒಂದಾಗಿ, ಆಮೇಲೆ ಸ್ವಾತಂತ್ರ್ಯದ ಮಾತು" ಎಂಬುದು ಬ್ರಿಟಿಷರ ನಿಲುವಾಗಿತ್ತು.

ಪ್ರತಿ ಜನಾಂಗಕ್ಕೂ ಒಂದೊಂದು ಪಕ್ಷವಿತ್ತು. ಮಲಯರ ಅಮ್ನೋ ಮತ್ತು ಭಾರತೀಯರ ಮಲಯನ್ ಇಂಡಿಯನ್ ಕಾಂಗ್ರೆಸ್ 1946ರಲ್ಲಿ ಹುಟ್ಟಿದವು. ಚೀನೀಯರ ಪಕ್ಷ 1949ರಲ್ಲಿ. ಅಮ್ನೋದ ಮೊದಲ ಅಧ್ಯಕ್ಷ ದಾತೋ ಓನ್, ಪಕ್ಷದ ಬಾಗಿಲನ್ನು ಎಲ್ಲ ಜನಾಂಗಕ್ಕೂ ತೆರೆಯೋಣ ಎಂದರು. ಪಕ್ಷ ಒಪ್ಪಲಿಲ್ಲ. 1951ರಲ್ಲಿ ಅವರು ಹೊರಬಂದು, ಎಲ್ಲರಿಗೂ ಸೇರಿದ ಹೊಸ ಪಕ್ಷ ಕಟ್ಟಿದರು. ಅವರ ಜಾಗಕ್ಕೆ ಟುಂಕು ಅಬ್ದುಲ್ ರಹಮಾನ್ ಬಂದರು.

1952ರ ಕೌಲಾಲಂಪುರ ನಗರಸಭೆಯ ಚುನಾವಣೆಯಲ್ಲಿ ಅಮ್ನೋ ಮತ್ತು ಚೀನೀಯರ ಪಕ್ಷ ಕೈಜೋಡಿಸಿ 12ರಲ್ಲಿ 9 ಸ್ಥಾನ ಗೆದ್ದವು. ಓನ್ ಅವರ ಪಕ್ಷಕ್ಕೆ ದಕ್ಕಿದ್ದು 2. ನೋಡಿ, ಗೋಡೆ ಕೆಡವೋಣ ಎಂದವರು ಸೋತರು. ಗೋಡೆ ಇರಲಿ, ಬಾಗಿಲು ಇಡೋಣ ಎಂದವರು ಗೆದ್ದರು. 1954ರಲ್ಲಿ ಭಾರತೀಯರ ಪಕ್ಷವೂ ಈ ಮೈತ್ರಿಕೂಟಕ್ಕೆ ಸೇರಿತು.

ನಿಜವಾದ ಪರೀಕ್ಷೆ ಬಂದದ್ದು 1955ರಲ್ಲಿ. ಮತದಾರರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಮಲಯರು. ಹಾಗಾದರೆ ಟಿಕೆಟ್ಟುಗಳೂ ನಮಗೇ ಸಲ್ಲಬೇಕು ಎಂದು ಅಮ್ನೋದೊಳಗೆ ಕೂಗೆದ್ದಿತು. ಟುಂಕು ಬಗ್ಗಲಿಲ್ಲ. 52 ಸ್ಥಾನಗಳಲ್ಲಿ 17ನ್ನು ಇತರರಿಗೆ ಕೊಡಿಸಿದರು. ಮೈತ್ರಿಕೂಟ 51 ಗೆದ್ದಿತು! ಮಲಯರ ಹಳ್ಳಿಗಳು ಚೀನೀ ಅಭ್ಯರ್ಥಿಗಳಿಗೂ ಮತ ಹಾಕಿದ್ದವು. ಇನ್ನು ಬ್ರಿಟಿಷರಿಗೆ ನೆಪ ಉಳಿಯಲಿಲ್ಲ.

ಸಂವಿಧಾನದ ಕರಡು ಬರೆದ ಐವರ ಆಯೋಗದಲ್ಲಿ ನಮ್ಮ ದೇಶದ ನ್ಯಾಯಮೂರ್ತಿ ಬಿ. ಮಲಿಕ್ ಅವರೂ ಇದ್ದರು. ಪಕ್ಷಗಳ ನಡುವೆ ಕೊಡು-ಕೊಳ್ಳುವ ಒಪ್ಪಂದವಾಯಿತು. ಮಲಯ್ ರಾಷ್ಟ್ರಭಾಷೆ, ಮಲಯರಿಗೆ ವಿಶೇಷ ಸ್ಥಾನ. ಇತರರಿಗೆ ಪೌರತ್ವ ಸುಲಭ. 1957ರ ಆಗಸ್ಟ್ 31ರಂದು ಟುಂಕು ಏಳು ಸಲ "ಮರ್ದೇಕಾ" ಎಂದು ಕೂಗಿದರು. ಮರ್ದೇಕಾ ಎಂದರೆ ಸ್ವಾತಂತ್ರ್ಯ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಒಪ್ಪಂದ ನಾಯಕರ ನಡುವೆ ಆಗಿತ್ತು, ಬೀದಿಯಲ್ಲಿ ಅಲ್ಲ. 1969ರ ಮೇ 13ರಂದು ಕೌಲಾಲಂಪುರದಲ್ಲಿ ರಕ್ತ ಹರಿಯಿತು. ಪೌರತ್ವದ ಕಾಗದ ಮಾಡಿಸಿಕೊಳ್ಳದ ಸಾವಿರಾರು ಭಾರತೀಯ ಕೂಲಿಕಾರರು ಕೆಲಸದ ಪರವಾನಗಿ ಸಿಗದೆ, ಬದುಕು ಸವೆಸಿದ ತೋಟಗಳನ್ನೇ ಬಿಟ್ಟು ಬಂದರು. ಮೈತ್ರಿಕೂಟ 1973ರಲ್ಲಿ ಹಿಗ್ಗಿ ಬಾರಿಸಾನ್ ನ್ಯಾಷನಲ್ ಆಯಿತು, 2018ರವರೆಗೂ ಅಧಿಕಾರದಲ್ಲಿತ್ತು.

ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಬಾಳು ಕಳೆದವನು ನಾನು. ಕಾಗದ ಇದ್ದವನಿಗೂ ಇಲ್ಲದವನಿಗೂ ಸಿಗುವ ಮರ್ಯಾದೆಯ ಅಂತರ ಬಲ್ಲೆ. ಹೆಚ್ಚು ಮತವಿದ್ದವರು ಕಡಿಮೆ ಮತದವರಿಗೆ ಜಾಗ ಬಿಟ್ಟದ್ದರಿಂದ ಮಲಯಾ ಸ್ವತಂತ್ರವಾಯಿತು. ಆದರೆ ಆ ಜಾಗ ತೋಟದ ಕೊನೆಯ ಕೂಲಿಯವರೆಗೂ ಮುಟ್ಟಲಿಲ್ಲ. ಎರಡು ಭಾಷೆಯ ನಡುವೆ ಬದುಕುವ ನೀವು ಈ ಎರಡನ್ನೂ ನೆನಪಿನಲ್ಲಿಡಿ.