ಹುಣಸೆ ಬೀಜದ ಮಧ್ಯಾಹ್ನ

ಮಧ್ಯಾಹ್ನ ಎರಡೂವರೆಗೆ ನನಗೆ ದಿನಾ ಒಂದು ಕಾಲ್ ಇರುತ್ತೆ. ಅದೇ ಎರಡೂವರೆಗೆ ನನ್ನ ಮೂರೂವರೆ ವರ್ಷದ ಮಗಳಿಗೆ ಹಾಡು, ಕುಣಿತ, ಕಿರುಚಾಟ ಎಲ್ಲ ಒಟ್ಟಿಗೆ ನೆನಪಾಗುತ್ತೆ. ಹೆಂಡತಿ ಆಫೀಸಿಗೆ ಹೋಗೋ ದಿನಗಳಲ್ಲಿ ನಾನು ಮಾಡ್ತಿದ್ದ ಉಪಾಯ ಎಲ್ಲರಿಗೂ ಗೊತ್ತಿರೋದೇ, ಮೊಬೈಲ್ ಕೊಟ್ಟು ಕೂರಿಸೋದು. ಕೊಟ್ಟಾಗ ನೆಮ್ಮದಿ, ಕಿತ್ಕೊಳ್ಳೋವಾಗ ರಣರಂಗ. ತಪ್ಪು ಮಾಡ್ತಿದೀನಿ ಅನ್ನೋ ಅಳುಕಿಗೆ ಒಂದು ಮರದ 'ಮಾಂಟೆಸ್ಸೊರಿ ಕಿಟ್' ತರಿಸಿದೆ. ಮೂರು ಸಾವಿರದ ಮೇಲೆ ಚಿಲ್ಲರೆ. ಮರಳು ಹಾಕಿ ಅಕ್ಷರ ಬರೆಯೋ ತಟ್ಟೆ, ಮರದ ಅಕ್ಷರಗಳು, ಬಣ್ಣದ ಗುಂಡುಗಳು. ಮಗಳು ಎರಡು ದಿನ ಆಡಿದಳು. ಮೂರನೇ ದಿನ ಅದು ಬಂದಿದ್ದ ರಟ್ಟಿನ ಡಬ್ಬದೊಳಗೆ ಕೂತು ಬಸ್ಸು ಬಿಡ್ತಿದ್ದಳು.

ಆ ವಾರ ಊರಿಂದ ಚಿಕ್ಕವ್ವ ಬಂದಿದ್ದಳು. ನಮ್ಮೂರು ತಿ. ನರಸೀಪುರ ತಾಲ್ಲೂಕಿನದು. ಚಿಕ್ಕವ್ವ ಅಲ್ಲಿ ಅಂಗನವಾಡಿ ಟೀಚರ್ ಆಗಿದ್ದು ರಿಟೈರ್ ಆದವಳು. ಮರಳಿನ ತಟ್ಟೆಯನ್ನ ತಿರುಗಿಸಿ ನೋಡಿ, "ಇದ್ಕೆಷ್ಟು ಕೊಟ್ಟೆ ಮಗಾ?" ಅಂದಳು. ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವಳು ಬಾಯಿ ಮೇಲೆ ಕೈ ಇಟ್ಕೊಂಡಳು. ಮಾರನೇ ದಿನ ಎರಡೂವರೆಗೆ ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದಳು. ಊರಿಂದ ಹುಣಸೆಹಣ್ಣಿನ ಜೊತೆ ಬಂದಿದ್ದ ಬೀಜ ಒಂದು ಹಿಡಿ, ಅವರೆಕಾಳು ಒಂದು ಹಿಡಿ ಮೊರದಲ್ಲಿ ಕಲಸಿ ಮಗಳ ಮುಂದಿಟ್ಟಳು. ಕಪ್ಪುದು ಒಂದು ಕುಳಿಗೆ, ಬಿಳೀದು ಒಂದು ಕುಳಿಗೆ. ಹೇಳಿದ್ದು ಅಷ್ಟೇ. ಆಮೇಲೆ ಚಿಕ್ಕವ್ವ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಾ ಇದ್ದಳು. ನನ್ನ ಕಾಲ್ ಮುಗಿಯೋವರೆಗೂ ಮನೆಯಲ್ಲಿ ಕೇಳಿಸಿದ್ದು ತಟ್ಟೆಗೆ ಬೀಜ ಬೀಳೋ ಸದ್ದು ಒಂದೇ.

ನನಗೊಂದು ಕೆಟ್ಟ ಚಟ ಇದೆ. ಕೋಡಿನಲ್ಲಿ ಯಾವುದಾದರೂ ಸಾಲು ಚೆನ್ನಾಗಿ ಕೆಲಸ ಮಾಡ್ತಿದ್ರೆ, ಇದನ್ನ ಮೊದಲು ಬರೆದವರು ಯಾರು ಅಂತ ಹಿಂದಕ್ಕೆ ಹೋಗಿ ನೋಡೋದು. "ಇದು ಎಲ್ಲಿ ಕಲಿತೆ ಚಿಕ್ಕವ್ವ?" ಅಂದೆ. "ಟ್ರೈನಿಂಗಲ್ಲಿ ಹೇಳ್ಕೊಟ್ರು" ಅಂದಳು. ಟ್ರೈನಿಂಗಿನವರಿಗೆ ಯಾರು ಹೇಳಿಕೊಟ್ಟರು? ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ.

ಮೊದಲು ಆ ಮರಳಿನ ತಟ್ಟೆ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅದು ನನ್ನ ಹೊಟ್ಟೆ ಉರಿಸಿದ ವಿಷಯ. ನಮ್ಮ ಕಡೆ ಕೂಲಿಮಠಗಳ ಕಾಲದಲ್ಲಿ ಮಕ್ಕಳು ಮರಳ ಮೇಲೆ ಬೆರಳಿಂದಲೇ ಅಕ್ಷರ ತಿದ್ದುತ್ತಿದ್ದರು. ಪಾಟಿ, ಬಳಪ ಬಂದದ್ದು ಆಮೇಲೆ. 1789ರ ಹೊತ್ತಿಗೆ ಮದ್ರಾಸಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳಲು ಆಂಡ್ರ್ಯೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ ಬಂದರು. ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ಬರೆಯೋದನ್ನ ನೋಡಿ ಬೆರಗಾದರು. ತಮ್ಮ ಶಾಲೆಯಲ್ಲೂ ಅದನ್ನೇ ಮಾಡಿಸಿದರು. ಊರಿಗೆ ವಾಪಸ್ ಹೋಗಿ 1797ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ಮೇಲೆ ಬರೆಸೋದು ಹರಡಿತು. ಇನ್ನೂರು ಚಿಲ್ಲರೆ ವರ್ಷದ ಮೇಲೆ ಆ ಮರಳನ್ನೇ ಪಾಲಿಶ್ ಮಾಡಿದ ಮರದ ತಟ್ಟೆಯಲ್ಲಿ ನಾನು ದುಡ್ಡು ಕೊಟ್ಟು ತರಿಸಿಕೊಂಡೆ. ನಮ್ಮೂರು ಇರೋದು ಕಾವೇರಿ ದಂಡೆ ಹತ್ರ. ಮರಳು!

ಇರ್ಲಿ. ಕಿಟ್ಟಿನ ಮೇಲೆ ಹೆಸರಿದ್ದದ್ದು ಮಾರಿಯಾ ಮಾಂಟೆಸ್ಸೊರಿಯದ್ದು. ಅವರಿಗಿಂತ ಮೊದಲೇ ಜರ್ಮನಿಯ ಫ್ರೋಬೆಲ್ ಉಣ್ಣೆ ಚೆಂಡು, ಮರದ ಗೋಲ, ಘನಗಳನ್ನ ಮಕ್ಕಳ ಕೈಗೆ ಕೊಟ್ಟು 'ಕಿಂಡರ್‌ಗಾರ್ಟನ್' ಅನ್ನೋ ಹೆಸರು ಹುಟ್ಟಿಸಿದ್ದರು. ಅಮೆರಿಕದ ಮಿಲ್ಟನ್ ಬ್ರಾಡ್ಲಿ ಅದನ್ನ ಡಬ್ಬಕ್ಕೆ ತುಂಬಿ ಮಾರಿದರು. ಹಾಗಾಗಿ ಕಿಟ್ ಮಾರೋ ರೋಗ ಇವತ್ತಿನದಲ್ಲ.

ಮಾರಿಯಾ ಕಥೆ ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಬೇರೆ ಇತ್ತು. ರೋಮ್ ನಗರದ ಸ್ಯಾನ್ ಲೊರೆಂಝೊ ಆಗ ಕೂಲಿಯವರ ಬಡಾವಣೆ. ಒಂದು ಸಂಸ್ಥೆ ಅಲ್ಲಿನ ವಠಾರಗಳನ್ನ ರಿಪೇರಿ ಮಾಡಿಸಿತು. ಅಪ್ಪ ಅಮ್ಮ ಕೆಲಸಕ್ಕೆ ಹೋದಮೇಲೆ ಚಿಕ್ಕ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿ, ಹೊಸದಾಗಿ ಬಳಿದ ಗೋಡೆ ಗೀಚಿ ಹಾಳು ಮಾಡ್ತಿದ್ದರು. ಅವರನ್ನ ಒಂದು ಕೋಣೆಯಲ್ಲಿ ಕೂರಿಸಿ ನೋಡಿಕೊಳ್ಳೋಕೆ ಯಾರಾದರೂ ಬೇಕಿತ್ತು. 1907ರ ಜನವರಿ 6ರಂದು ಮಾರಿಯಾ ಅಲ್ಲಿ 'ಮಕ್ಕಳ ಮನೆ' ತೆರೆದದ್ದು ಹೀಗೆ. ಗೋಡೆ ಉಳಿಸೋಕೆ ಅವರಿಗೆ ಮಕ್ಕಳು ಸುಮ್ಮನಿರಬೇಕಿತ್ತು, ಕಾಲ್ ಉಳಿಸೋಕೆ ನನಗೆ. ಇದನ್ನ ಓದಿದಾಗ ನಕ್ಕೆ, ಸ್ವಲ್ಪ ನಾಚಿಕೆಯೂ ಆಯ್ತು.

ಮಾರಿಯಾ ವೈದ್ಯೆ. ಅದಕ್ಕೂ ಮೊದಲು ಬುದ್ಧಿ ಬೆಳವಣಿಗೆ ನಿಧಾನವಿದ್ದ ಮಕ್ಕಳ ಜೊತೆ ಕೆಲಸ ಮಾಡ್ತಿದ್ದಾಗ ಮರದಲ್ಲಿ ಅಂದವಾದ ಅಕ್ಷರಗಳನ್ನ ಮಾಡಿಸಿದ್ದರು. ಸ್ಯಾನ್ ಲೊರೆಂಝೊದಲ್ಲೂ ಅಂಥವೇ ಬೇಕು ಅಂದರೆ ಮಾಡಿಕೊಡೋರು ಸಿಗಲಿಲ್ಲ. ಕೊನೆಗೆ ತಾವೇ ಟೀಚರುಗಳ ಜೊತೆ ಕೂತು ಉಪ್ಪು ಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿದರು. ಮಕ್ಕಳು ಬೆರಳಲ್ಲಿ ಸವರಿದರೆ ಅಕ್ಷರದ ದಾರಿ ಕೈಗೇ ಗೊತ್ತಾಗುತ್ತಿತ್ತು. ಮರದ್ದಾದರೆ ಇದ್ದದ್ದು ಒಂದೇ ಸೆಟ್. ಕಾಗದದ್ದಾದರೆ ಒಂದೇ ಅಕ್ಷರವನ್ನ ಎಷ್ಟು ಬೇಕಾದರೂ ಕತ್ತರಿಸಿಕೊಳ್ಳಬಹುದು, ಮಕ್ಕಳು ಪದ ಜೋಡಿಸಬಹುದು. ಇವತ್ತು ಮಾಂಟೆಸ್ಸೊರಿ ಅಂದ ಕೂಡಲೇ ನೆನಪಾಗೋ ಉಪ್ಪು ಕಾಗದದ ಅಕ್ಷರ ಹೀಗೆ ಮರದ್ದು ಸಿಗದೆ ಕೈಯಲ್ಲಿ ಮಾಡಿಕೊಂಡದ್ದು.

'ಮೌನದ ಆಟ'ವೂ ಅವರದ್ದೇ. ಒಂದು ದಿನ ನಾಲ್ಕು ತಿಂಗಳ ಕೂಸನ್ನ ತರಗತಿಗೆ ಎತ್ತಿಕೊಂಡು ಬಂದು, ನೋಡಿ ಇದು ಎಷ್ಟು ಸುಮ್ಮನಿದೆ, ನಿಮಗೆ ಇಷ್ಟು ಸುಮ್ಮನಿರೋಕೆ ಆಗುತ್ತಾ ಅಂತ ತಮಾಷೆಗೆ ಕೇಳಿದರಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೂತರು, ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಆಮೇಲೆ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನೇ ಪಿಸುಗುಟ್ಟಿ ಕರೆಯೋದು, ಕರೆದವರು ಸದ್ದಿಲ್ಲದೆ ಎದ್ದು ಬರೋದು ಆಟವೇ ಆಯ್ತು.

ಈ ಆಟ ಗುಜರಾತಿಗೆ ಬಂದು ಮುಗ್ಗರಿಸಿದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಗಿಜುಭಾಯಿ ಬಧೇಕಾ ವಕೀಲರು. ಮಗ ಹುಟ್ಟಿದ ಮೇಲೆ ಇವನನ್ನ ಬೆಳೆಸೋದು ಹೇಗೆ ಅಂತ ಓದಲು ಕೂತವರು ವಕೀಲಿಕೆಯನ್ನೇ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಜನ ಅವರನ್ನ 'ಮೀಸೆಯ ಅಮ್ಮ' ಅಂತ ಕರೆದರು. ಅವರ 'ದಿವಾಸ್ವಪ್ನ' ಪುಸ್ತಕದ ಮೇಷ್ಟ್ರು ರಾತ್ರಿಯೆಲ್ಲ ಯೋಜನೆ ಹಾಕಿಕೊಂಡು ಮೊದಲ ದಿನವೇ ಕ್ಲಾಸಿಗೆ ಹೋಗಿ ಮೌನದ ಆಟ ಆಡಿಸೋಕೆ ನೋಡ್ತಾರೆ. ಕೋಣೆ ಕತ್ತಲು ಮಾಡಿದ್ದೇ ತಡ, ಹುಡುಗರು ಗಲಾಟೆ ಎಬ್ಬಿಸಿಬಿಡ್ತಾರೆ. ಯೋಜನೆ ಮಣ್ಣುಪಾಲು. ಮೇಷ್ಟ್ರು ಮಾರನೇ ದಿನದಿಂದ ಕಥೆ ಹೇಳೋಕೆ ಶುರು ಮಾಡ್ತಾರೆ, ಆಗ ಹುಡುಗರು ತಾವಾಗೇ ಸುಮ್ಮನಾಗ್ತಾರೆ. ಪುಸ್ತಕ ಓದಿಕೊಂಡು ಬಂದ ಹೊಸ ಮೇಷ್ಟ್ರ ಪಜೀತಿಯನ್ನ ಇಷ್ಟು ಪ್ರಾಮಾಣಿಕವಾಗಿ ಬರೆದ ಶಿಕ್ಷಣತಜ್ಞರು ಎಷ್ಟು ಜನ ಸಿಗ್ತಾರೆ?

ಗಿಜುಭಾಯಿ 1939ರ ಜೂನಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮಾರಿಯಾ ಮದ್ರಾಸಿನ ಅಡ್ಯಾರಿಗೆ ಬಂದರು. ಥಿಯಾಸಾಫಿಕಲ್ ಸೊಸೈಟಿಯ ಆವರಣದಲ್ಲಿ ತರಬೇತಿ ನಡೆಯಿತು. ಅಷ್ಟರಲ್ಲಿ ಯುದ್ಧ ಬಂದು, ಇಟಲಿಯವರು ಅಂತ ಅವರನ್ನ ಶತ್ರು ದೇಶದ ಪ್ರಜೆ ಮಾಡಿಬಿಟ್ಟರು. ಕೆಲವು ತಿಂಗಳಿಗೆ ಅಂತ ಬಂದವರು 1946ರವರೆಗೆ ಇಲ್ಲೇ ಉಳಿಯಬೇಕಾಯ್ತು.

ಆದರೆ ಚಿಕ್ಕವ್ವನ ಇಡ್ಲಿ ತಟ್ಟೆಗೆ ದಾರಿ ಬಂದದ್ದು ನನ್ನ ಲೆಕ್ಕದಲ್ಲಿ ಅಡ್ಯಾರಿನಿಂದಲ್ಲ, ಬೋರ್ಡಿಯಿಂದ. ಭಾವನಗರದಲ್ಲಿ ಗಿಜುಭಾಯಿ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬೈಗೆ ಉತ್ತರದಲ್ಲಿರೋ ಬೋರ್ಡಿ ಅನ್ನೋ ಕಡಲತೀರದ ಹಳ್ಳಿಗೆ ಹೋದರು. ಬಾಲ್ಯದಲ್ಲೇ ವಿಧವೆಯಾಗಿ ಹಟಹಿಡಿದು ಓದಿದ್ದ ಅನುತಾಯಿ ವಾಘ್ ಜೊತೆಯಾದರು. ಅವರು ಬಾಲವಾಡಿ ತೆರೆದರೂ ಬಡವರ ಕೇರಿಯ ಮಕ್ಕಳು ಬರಲಿಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ ಅಂತ ಇಬ್ಬರೂ ಕೇರಿಯ ಅಂಗಳಕ್ಕೇ ಹೋದರು. ಮೊದಲು ಮಕ್ಕಳ ಮೈ ತೊಳೆದು, ತಲೆ ಬಾಚಿ, ಆಮೇಲೆ ಆಟ. ಪೇಟೆಯ ಸಾಮಾನಿಗೆ ದುಡ್ಡೆಲ್ಲಿ? ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲು, ಕಡ್ಡಿಗಳೇ ಎಣಿಸೋಕೆ, ಆರಿಸೋಕೆ, ಜೋಡಿಸೋಕೆ ಸಾಮಾನಾದವು. ಅಂಗಳದ ಆ ಶಾಲೆಗೆ ಅವರು ಇಟ್ಟ ಹೆಸರು ಅಂಗನವಾಡಿ. 1957ರಲ್ಲಿ ಪಕ್ಕದ ಕೋಸಬಾಡ್ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ದನ ಕಾಯೋ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು.

ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿದಾಗ ಆ ಹೆಸರನ್ನೇ ಇಟ್ಟುಕೊಂಡಿತು. ಮೊದಲಿಗೆ ದೇಶದಲ್ಲಿ 33 ಕಡೆ. ಕರ್ನಾಟಕದಲ್ಲಿ ಒಂದೇ ಕಡೆ, ನಮ್ಮ ತಿ. ನರಸೀಪುರ. ಇದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ನಮ್ಮ ತಾಲ್ಲೂಕು ಅಂದರೆ ಕುಂಭಮೇಳ, ತಲಕಾಡು ಅಂತ ಹೇಳಿಕೊಂಡು ಓಡಾಡ್ತಿದ್ದೆ.

ಚಿಕ್ಕವ್ವ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ. ನಾನೂ ಅವಳ ಅಂಗನವಾಡಿಯಲ್ಲೇ ಇದ್ದವನು. ಒಂದು ಕಬ್ಬಿಣದ ಟ್ರಂಕು ನೆನಪಿದೆ. ಅದರೊಳಗೆ ಬೆಂಕಿಪೊಟ್ಟಣಗಳು, ಒಡೆದ ಬಳೆ ಚೂರು ಹೊಲಿದಿಟ್ಟ ಬಟ್ಟೆ, ಹಳೇ ಕ್ಯಾಲೆಂಡರಿನ ಚಿತ್ರ ಕತ್ತರಿಸಿ ಮಾಡಿದ ಜೋಡಿಸೋ ತುಂಡುಗಳು, ಅಕ್ಕಿ ತುಂಬಿದ ಒಂದು ಡಬ್ಬಿ, ಕಲ್ಲು ತುಂಬಿದ ಒಂದು ಡಬ್ಬಿ. ಅಲ್ಲಾಡಿಸಿ ಸದ್ದು ಕೇಳಿ ಒಳಗೇನಿದೆ ಹೇಳಬೇಕು. ಊಟ ಆದಮೇಲೆ ನಿದ್ದೆ ಬಾರದವರಿಗೆ ಟ್ರಂಕು ತೆಗೀತಿದ್ದಳು. ಒಂದು ಸಲ ನಾನು ಹುಣಸೆ ಬೀಜ ಮೂಗಿಗೆ ತುರುಕಿಕೊಂಡು ಇಡೀ ಊರು ಸೇರಿತ್ತಂತೆ. ಅವತ್ತಿನಿಂದ ಬೀಜ ಹರಡಿದ ಮೇಲೆ ಅವಳು ಪಕ್ಕ ಬಿಟ್ಟು ಏಳೋದಿಲ್ಲ. ಸೊಪ್ಪು ಬಿಡಿಸ್ತಾ ಕೂತದ್ದು ಸುಮ್ಮನೆ ಅಲ್ಲ.

"ಅವೆಲ್ಲ ಸರ್ಕಾರದವ್ರು ಕೊಟ್ಟಿದ್ರಾ?" ಅಂದೆ.

"ಟ್ರಂಕು ಕೊಟ್ಟಿದ್ರು" ಅಂದಳು.

ಒಳಗಿನದ್ದೆಲ್ಲ ಅವಳದ್ದು. ಅಂಗನವಾಡಿಯವರಿಗೆ ಸರ್ಕಾರ ಕೊಡೋದಕ್ಕೆ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. ಅದರಲ್ಲೇ ದಾರ, ಗೋಂದು, ಬಣ್ಣದ ಕಾಗದ. ತೂಕ ಬರೆಯೋದು, ಪೌಷ್ಟಿಕ ಆಹಾರ ಹಂಚೋದು, ಚುಚ್ಚುಮದ್ದಿಗೆ ಜನ ಕರೆಯೋದು, ರಿಜಿಸ್ಟರು, ಮೀಟಿಂಗು ಎಲ್ಲ ಮುಗಿಸಿ ರಾತ್ರಿ ದೀಪದ ಬೆಳಕಲ್ಲಿ ಅವಳು ಕ್ಯಾಲೆಂಡರ್ ಕತ್ತರಿಸ್ತಾ ಕೂತಿರೋದನ್ನ ನಾನು ನೋಡಿದೀನಿ. ಚಿಕ್ಕವ್ವನಿಗೆ ಏನೋ ಹುಚ್ಚು ಅಂದುಕೊಂಡಿದ್ದೆ. ಅದೇ ಕೆಲಸ ಮಾಡಿ ಡಬ್ಬಕ್ಕೆ ಹಾಕಿ ಕಳಿಸಿದವರಿಗೆ ಮೂರು ಸಾವಿರ ಕೊಟ್ಟೆ. ಮಾರಿಯಾ, ತಾರಾಬಾಯಿ ಹೆಸರು ಅವಳಿಗೆ ಹೇಳಿದೆ. ತಾರಾಬಾಯಿ ಹೆಸರು ಎಲ್ಲೋ ಕೇಳಿದ ಹಾಗಿದೆ ಅಂದಳು. ಮೀಸೆಯ ಅಮ್ಮನ ಕಥೆಗೆ ಮಾತ್ರ ತುಂಬ ಹೊತ್ತು ನಕ್ಕಳು. ಅವಳ ಮೊದಲ ದಿನವೂ ಹಾಗೇ ಆಗಿತ್ತಂತೆ. ಹದಿನೆಂಟು ಮಕ್ಕಳು, ಎಲ್ಲ ಒಟ್ಟಿಗೆ ಅಳೋಕೆ ಶುರು ಮಾಡಿ, ಕೊನೆಗೆ ಅವಳೂ ಅತ್ತಿದ್ದಳಂತೆ.

ಭಾನುವಾರ ಅವಳನ್ನ ಬಸ್ ಹತ್ತಿಸಿ ಬಂದೆ. ಹೋಗೋ ಮುಂಚೆ ಒಂದು ಹಾರ್ಲಿಕ್ಸ್ ಬಾಟಲಿಗೆ ಬೀಜ ತುಂಬಿಸಿ, ಮುಚ್ಚಳ ಬಿಗಿ ಮಾಡಿ ಮೇಲಿನ ಶೆಲ್ಫಿನಲ್ಲಿಟ್ಟಿದ್ದಳು. "ನೀನು ಪಕ್ಕದಲ್ಲಿ ಕೂತ್ರೆ ಮಾತ್ರ ತೆಗಿ ಮಗಾ. ಬೀಜ ಕೊಟ್ಟು ಎದ್ದೋಗೋದಾದ್ರೆ ಮೊಬೈಲೇ ವಾಸಿ." ಸೋಮವಾರ ಲ್ಯಾಪ್‌ಟಾಪನ್ನ ನೆಲದ ಮೇಲೆ ತಂದಿಟ್ಟುಕೊಂಡು ಕಾಲ್‌ಗೆ ಸೇರಿದೆ. ನನ್ನ ಸರದಿ ಬಂತು, ಮ್ಯೂಟ್ ತೆಗೆದು ಗಂಟಲು ಸರಿ ಮಾಡಿಕೊಂಡೆ. ಮಗಳು ತಲೆಯನ್ನೂ ಎತ್ತದೆ ಹೇಳಿದಳು: "ಅಪ್ಪ, ಸದ್ದು ಮಾಡ್ಬೇಡ. ನಾನು ಎಣಿಸ್ತಿದೀನಿ."