ಒಳಗಿದ್ದವರೆಲ್ಲ ನಮ್ಮವರಲ್ಲ: ಏನಿದು 'ಝೀರೋ ಟ್ರಸ್ಟ್' ಭದ್ರತೆ?

ಬೆಂಗಳೂರು: 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಸ್ತಬ್ಧಗೊಂಡವು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ ಮುಂತಾದ ಕೆಲಸಗಳನ್ನು ಹಲವು ದಿನ ಕೈಬರಹದಲ್ಲೇ ನಿಭಾಯಿಸಬೇಕಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದುಷ್ಕರ್ಮಿಗಳು ಬೀಗ ಜಡಿದಿದ್ದರು. ಆಸ್ಪತ್ರೆಯ ಜಾಲವನ್ನು ಸರಿಯಾಗಿ ವಿಭಜಿಸದೇ ಇದ್ದುದು ಕಾರಣವೆಂದು ಪ್ರಾಥಮಿಕ ವಿಶ್ಲೇಷಣೆ ಆಧರಿಸಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು.

ಇಂಥ ಹಾನಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಬ್ಬದಂತೆ ಜಾಲವನ್ನು ರೂಪಿಸುವ ಕ್ರಮವೇ 'ಝೀರೋ ಟ್ರಸ್ಟ್', ಅರ್ಥಾತ್ ಶೂನ್ಯ ವಿಶ್ವಾಸ.

ಹಿನ್ನೆಲೆ

ಹಳೆಯ ಪದ್ಧತಿ ಕೋಟೆಯಂತಹುದು. ಹೆಬ್ಬಾಗಿಲಲ್ಲಿ ಫೈರ್‌ವಾಲ್ ಕಾವಲು; ಒಮ್ಮೆ ಒಳಹೊಕ್ಕವರಿಗೆ ಹೆಚ್ಚಿನ ತಡೆಯಿಲ್ಲ. ಈ ನಂಬಿಕೆಯೇ ದೌರ್ಬಲ್ಯವೆಂದು ವಾದಿಸಿ 'ಝೀರೋ ಟ್ರಸ್ಟ್' ಎಂಬ ಪದವನ್ನು 2010ರಲ್ಲಿ ಪ್ರಚುರಪಡಿಸಿದವರು ಫಾರೆಸ್ಟರ್ ಸಂಸ್ಥೆಯ ವಿಶ್ಲೇಷಕರಾಗಿದ್ದ ಜಾನ್ ಕಿಂಡರ್‌ವಾಗ್. 2009ರಲ್ಲಿ ಸೈಬರ್ ದಾಳಿಗೆ ತುತ್ತಾದ ಗೂಗಲ್, ತನ್ನ ಜಾಲವನ್ನು ಇದೇ ತತ್ವದ ಮೇಲೆ ಮರುರೂಪಿಸಿ 'ಬಿಯಾಂಡ್‌ಕಾರ್ಪ್' ಎಂದು ಹೆಸರಿಟ್ಟಿತು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2020ರ ಆಗಸ್ಟ್‌ನಲ್ಲಿ ಹೊರತಂದ 800-207 ಸಂಖ್ಯೆಯ ದಾಖಲೆ ಈ ವಿಷಯ ಕಲಿಯುವವರಿಗೆ ಇಂದು ಮೂಲಪಾಠ.

ಕೆಲಸ ಮಾಡುವ ಬಗೆ

ಕಚೇರಿಯ ಒಳಗಿಂದ ಬಂದ ಕೋರಿಕೆ ಎಂಬ ಕಾರಣಕ್ಕೇ ಇಲ್ಲಿ ಯಾವುದಕ್ಕೂ ಅನುಮತಿ ದೊರೆಯದು. ಕೇಳುತ್ತಿರುವವರು ಯಾರು, ಅವರ ಕಂಪ್ಯೂಟರ್ ಸುಸ್ಥಿತಿಯಲ್ಲಿದೆಯೇ, ಈ ಮಾಹಿತಿ ಅವರ ಕೆಲಸಕ್ಕೆ ಅಗತ್ಯವೇ ಎಂಬುದನ್ನು ಒಂದು ನಿರ್ಣಯ ಕೇಂದ್ರ ಪರಿಶೀಲಿಸುತ್ತದೆ. ಅದರ ತೀರ್ಮಾನವನ್ನು ಪ್ರತಿ ಬಾಗಿಲಲ್ಲಿರುವ ಕಾವಲು ವ್ಯವಸ್ಥೆ ಜಾರಿಗೊಳಿಸುತ್ತದೆ. ಅನುಮತಿ ಆ ಹೊತ್ತಿನ ಕೆಲಸಕ್ಕಷ್ಟೇ ಸೀಮಿತ.

ಗುರುತಿನ ತಪಾಸಣೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿದರ್ಶನ. 2021ರ ಏಪ್ರಿಲ್ ತಿಂಗಳ ಕೊನೆಯಲ್ಲಿ ದಾಳಿಕೋರರು ಹಳೆಯ ವಿಪಿಎನ್ ಖಾತೆಯೊಂದರ ಪಾಸ್‌ವರ್ಡ್ ಬಳಸಿ ಒಳನುಗ್ಗಿದರು. ಆ ಖಾತೆಗೆ ಎರಡನೇ ಹಂತದ ತಪಾಸಣೆ ಇರಲಿಲ್ಲ. ಪರಿಣಾಮವಾಗಿ ಸುಮಾರು 8,850 ಕಿ.ಮೀ. ಉದ್ದದ ಇಂಧನ ಕೊಳವೆ ಮಾರ್ಗ ಕೆಲದಿನ ಸ್ಥಗಿತಗೊಂಡಿತು.

ವಿನ್ಯಾಸದ ಐದು ಹೆಜ್ಜೆಗಳು

ಕಿಂಡರ್‌ವಾಗ್ ಸೂಚಿಸಿದ ಐದು ಹೆಜ್ಜೆಗಳನ್ನು ಆಸ್ಪತ್ರೆಯೊಂದಕ್ಕೆ ಅನ್ವಯಿಸಿ ನೋಡೋಣ.

1. ಕಾಪಾಡಬೇಕಾದುದನ್ನು ಗುರುತಿಸುವುದು: ರೋಗಿಗಳ ದಾಖಲೆ, ಔಷಧ ಸೂಚಿ, ಪ್ರಯೋಗಾಲಯದ ಫಲಿತಾಂಶ. ಎಲ್ಲವನ್ನೂ ಒಮ್ಮೆಗೇ ಕಾಯಲು ಹೊರಟರೆ ಯಾವುದನ್ನೂ ಕಾಯಲಾಗದು.

2. ಹರಿವಿನ ನಕ್ಷೆ ಬರೆಯುವುದು: ಯಾವ ಯಂತ್ರ ಯಾವ ಸರ್ವರ್ ಜತೆ ಮಾತನಾಡುತ್ತದೆ? ಬಹುತೇಕ ಅಚ್ಚರಿಗಳು ಹೊರಬೀಳುವುದು ಇಲ್ಲಿಯೇ.

3. ಆವರಣ ಕಟ್ಟುವುದು: ಹಳೆಯ ಸಾಫ್ಟ್‌ವೇರ್‌ನ ಸ್ಕ್ಯಾನಿಂಗ್ ಯಂತ್ರವನ್ನು ಬದಲಿಸಲಾಗದಿದ್ದರೆ ಅದಕ್ಕೆ ಪ್ರತ್ಯೇಕ ಕೋಣೆ ಕಲ್ಪಿಸಿ, ಒಂದೇ ಸರ್ವರ್‌ಗೆ ದಾರಿ ಬಿಡಬೇಕು.

4. ನಿಯಮ ರೂಪಿಸುವುದು: ನೋಂದಣಿ ಗುಮಾಸ್ತರಿಗೆ ಹೆಸರು, ವಿಳಾಸ ಸಾಕು, ರಕ್ತಪರೀಕ್ಷೆಯ ವರದಿ ಬೇಕಿಲ್ಲ.

5. ನಿಗಾ ಇಡುವುದು: ಪ್ರತಿ ಪ್ರವೇಶವೂ ದಾಖಲಾಗಬೇಕು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಇಂಥ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು, ದಾಳಿಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ.

ಎಚ್ಚರವಿರಲಿ

ನಡುರಾತ್ರಿ ತುರ್ತು ಘಟಕಕ್ಕೆ ಪ್ರಜ್ಞಾಹೀನ ರೋಗಿ ಬಂದಾಗ, ವೈದ್ಯರಿಗೆ ಆತನ ಔಷಧ ಅಲರ್ಜಿಯ ವಿವರ ಆ ಕ್ಷಣವೇ ಬೇಕು. ಬಾಗಿಲು ತೆರೆಯದ ಭದ್ರತೆ ಜೀವಕ್ಕೇ ಕುತ್ತಾದೀತು. ಆದ್ದರಿಂದ ತುರ್ತು ಪ್ರವೇಶಕ್ಕೆ ಪ್ರತ್ಯೇಕ ದಾರಿಯಿರಬೇಕು; ಬಳಸಿದವರು ಯಾರು, ಏಕೆ ಎಂಬುದನ್ನು ನಂತರ ಪರಿಶೀಲಿಸಬೇಕು. ನಿಯಮ ಬರೆಯುವ ತಂತ್ರಜ್ಞರು ವೈದ್ಯರು, ದಾದಿಯರೊಡನೆ ಕುಳಿತು ಚರ್ಚಿಸದೆ ಇದು ಸಾಧ್ಯವಿಲ್ಲ.

ಝೀರೋ ಟ್ರಸ್ಟ್ ಎಂಬುದು ಅಂಗಡಿಯಲ್ಲಿ ಸಿಗುವ ಸಾಫ್ಟ್‌ವೇರ್ ಅಲ್ಲ, ಸಿಬ್ಬಂದಿಯ ಮೇಲಿನ ಅಪನಂಬಿಕೆಯೂ ಅಲ್ಲ. ಮೋಸದ ಇ-ಮೇಲ್‌ಗೆ ಯಾರೂ ಬಲಿಯಾಗರು ಎಂಬ ಭರವಸೆಯನ್ನೂ ಅದು ನೀಡದು. ಮಾಹಿತಿಯ ಮರುಪ್ರತಿ ಇಡುವುದು ತಪ್ಪದು. ಕಳ್ಳ ಒಂದು ಕೋಣೆ ಹೊಕ್ಕರೂ ಇಡೀ ಮನೆ ಅವನ ವಶವಾಗದಂತೆ ತಡೆಯುವುದಷ್ಟೇ ಅದರ ಉದ್ದೇಶ. ಕಲಿಯುವವರು ಒಂದು ವಿಭಾಗ, ಒಂದು ಮುಖ್ಯ ಮಾಹಿತಿಯಿಂದ ಆರಂಭಿಸುವುದು ಲೇಸು.