ಕಲ್ಲು, ಚಕ್ಕೆ, ಗಾಜು: ಬಳ್ಳಾರಿ ಹಾದಿಯ ಒಂದು ಚರಿತ್ರೆ

ಮೋಟಾರು ವಾಹನದ ಮುಂಭಾಗದ ಗಾಜಿಗೆ ಕಲ್ಲು ಬಡಿದು ಚಕ್ಕೆ ಏಳುವುದು ಅಥವಾ ಬಿರುಕು ಹರಿಯುವುದು ಚಾಲಕನೊಬ್ಬನ ಅಂದಿನ ತೊಂದರೆಯಾಗಿ ಮಾತ್ರ ಕಾಣುವುದು ಸಹಜ. ಆದರೆ ಕೌಲ್ ಬಜಾರಿನಿಂದ ಸಿರುಗುಪ್ಪ, ಕುರುಗೋಡುಗಳ ಕಡೆಗೆ ಹರಡಿರುವ ಬಳ್ಳಾರಿ ಸೀಮೆಯಲ್ಲಿ ಆ ಚಕ್ಕೆಯ ಹಿಂದೆ ನೆಲದ ಶಿಲೆ, ಎರೆಮಣ್ಣಿನ ಗುಣ, ಅದಿರಿನ ವ್ಯಾಪಾರ, ಗಾಜು ತಯಾರಿಕೆಯ ವಿಜ್ಞಾನ ಮತ್ತು ಕಾನೂನು ಇವೆಲ್ಲವೂ ಸೇರಿಕೊಂಡಿರುವುದರಿಂದ, ಅದನ್ನು ಈ ಪ್ರದೇಶದ ಚರಿತ್ರೆಯ ಭಾಗವಾಗಿಯೇ ಓದಬೇಕಾಗುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳೊಡನೆ ಬಳ್ಳಾರಿಯು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು, ಥಾಮಸ್ ಮನ್ರೋ ಅಲ್ಲಿನ ಪ್ರಧಾನ ಕಲೆಕ್ಟರನಾದನು. ಮುಂದೆ ಊರು ಮದರಾಸು ಸೈನ್ಯದ ದಂಡುಪ್ರದೇಶವಾಗಿ ಬೆಳೆದಾಗ, ಆ ದಂಡಿಗೆ ಹೊಂದಿಕೊಂಡ ಪೇಟೆಯಾಗಿ ಕೌಲ್ ಬಜಾರ್ ಹೆಸರು ಪಡೆಯಿತು. ‘ಕೌಲು’ ಎಂಬುದು ಅರಬ್ಬಿ ಮೂಲದ ಪದ. ಮಾತು, ವಚನ ಎಂಬುದು ಅದರ ಮೂಲಾರ್ಥ. ಪಾರಸಿ ಆಡಳಿತ ಭಾಷೆಯ ಮೂಲಕ ಕನ್ನಡಕ್ಕೆ ಬಂದ ಈ ಪದವು ಕಂದಾಯದ ಕಾಗದಪತ್ರಗಳಲ್ಲಿ ರೈತನಿಗೋ ವರ್ತಕನಿಗೋ ಸರ್ಕಾರವು ಇಂತಿಂಥ ಷರತ್ತಿನ ಮೇಲೆ ಬರೆದುಕೊಡುವ ಭರವಸೆಯ ಪತ್ರವನ್ನು ಸೂಚಿಸುತ್ತಿತ್ತು. ಲಾರಿ ಉದ್ಯಮದಲ್ಲಿ ಬಳಕೆಯಲ್ಲಿರುವ ‘ಕೌಲ್’ ಎಂಬ ಇಂಗ್ಲಿಷ್ ಪದ, ಅಂದರೆ ಮುಂದಿನ ಗಾಜಿನ ಬುಡದಲ್ಲಿ ಇಂಜಿನ್ನಿಗೂ ಚಾಲಕನ ಜಾಗಕ್ಕೂ ನಡುವೆ ಇರುವ ಲೋಹದ ಭಾಗ, ಇದಕ್ಕೆ ಸಂಬಂಧಿಸಿದ್ದಲ್ಲ. ಧ್ವನಿ ಒಂದೇ ಆದರೂ ಎರಡರ ಬೇರು ಬೇರೆ.

ಕಲ್ಲಿನ ಪೆಟ್ಟಿಗೆ ಚಕ್ಕೆ ಏಳುವುದು ಬಳ್ಳಾರಿಗೆ ಹೊಸದಲ್ಲ. ನಗರದ ಸಮೀಪದ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಡಾಲರೈಟ್ ಎಂಬ ಗಟ್ಟಿಯಾದ ಕಪ್ಪು ಶಿಲೆಯಿಂದ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲೆಗಳನ್ನು ಶೋಧಿಸಿದ ರಾಬರ್ಟ್ ಬ್ರೂಸ್ ಫೂಟ್‌ನ ಹೆಸರನ್ನು ಬಳ್ಳಾರಿಯ ವಸ್ತುಸಂಗ್ರಹಾಲಯವೊಂದು ಹೊತ್ತಿದೆ. ಎಲ್ಲಿ, ಎಷ್ಟು ಬಲದಿಂದ ಹೊಡೆದರೆ ಎಂತಹ ಚಕ್ಕೆ ಹಾರುತ್ತದೆ ಎಂಬುದನ್ನು ಆ ಕುಶಲಿಗಳು ಕೈಯನುಭವದಿಂದ ಬಲ್ಲವರಾಗಿದ್ದರು. ಪೆಡಸಾದ ವಸ್ತುವಿನ ಮೇಲೆ ಸಣ್ಣ ಗಟ್ಟಿ ವಸ್ತು ಬಡಿದಾಗ ಬಿರುಕು ಒಳಗೆ ಶಂಕುವಿನ ಆಕಾರದಲ್ಲಿ ಹರಡುತ್ತದೆ ಎಂಬುದನ್ನು ಜರ್ಮನಿಯ ಹೈನ್ರಿಖ್ ಹರ್ಟ್ಸ್ 1880ರ ದಶಕದಲ್ಲಿ ವಿವರಿಸಿದನು. ಕಾರಿನ ಗಾಜಿನ ಮೇಲೆ ಬಟ್ಟಿನಷ್ಟೇ ದುಂಡಗೆ ಕಾಣುವ ಗಾಯವು ಆ ಶಂಕುವೇ ಆಗಿದ್ದು, ಕೊಡಲಿ ಮಾಡಿದವರು ಬೇಕೆಂದು ಎಬ್ಬಿಸಿದ ಚಕ್ಕೆಗೂ ಚಾಲಕನು ಬೇಡದೆ ಪಡೆದ ಚಕ್ಕೆಗೂ ನಿಯಮ ಒಂದೇ ಆಗಿದೆ.

ಗಾಜಿಗೆ ಬಡಿಯುವ ಕಲ್ಲು ರಸ್ತೆಗೆ ಬರುವ ಬಗೆಗೂ ಇಲ್ಲಿನ ನೆಲವೇ ಕಾರಣ. ಬಳ್ಳಾರಿ ಮತ್ತು ಸಿರುಗುಪ್ಪದ ಎರೆಭೂಮಿಯು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುವುದರಿಂದ, ಅದರ ಮೇಲೆ ಹಾಸಿದ ಡಾಂಬರು ಒಡೆದು ಜಲ್ಲಿ ಸಡಿಲಗೊಳ್ಳುತ್ತದೆ. 1953ರ ನಂತರ ತುಂಗಭದ್ರೆಯ ಕಾಲುವೆಗಳು ಹರಿದು ಭತ್ತದ ಬೆಳೆ ಹೆಚ್ಚಿದಂತೆ ಇದೇ ಹಾದಿಗಳ ಮೇಲೆ ಲಾರಿಗಳ ಹೇರೂ ಹೆಚ್ಚಿತು. ಚಕ್ರದ ಪಟ್ಟಿಗಳ ನಡುವೆ ಸಿಕ್ಕಿದ ಜಲ್ಲಿಯು ವೇಗಕ್ಕೆ ಚಿಮ್ಮಿ ಹಿಂದಿನ ವಾಹನದ ಗಾಜನ್ನು ತಾಕುತ್ತದೆ. ಗಾಜಿನ ಮೇಲೆ ಬೀಳುವ ಪೆಟ್ಟು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಮೊದಲ ಕಾಲದ ಮೋಟಾರುಗಳಲ್ಲಿ ಮುಂದಿನ ಗಾಜು ಮನೆಯ ಕಿಟಕಿಯ ಗಾಜಿನಂತೆಯೇ ಸಾದಾ ಹಾಳೆಯಾಗಿದ್ದು, ಒಡೆದರೆ ಕತ್ತಿಯಂತಹ ಚೂರುಗಳಾಗಿ ಮುಖ ಕತ್ತುಗಳನ್ನು ಸೀಳುತ್ತಿತ್ತು. 1903ರಲ್ಲಿ ಫ್ರಾನ್ಸಿನ ರಸಾಯನಜ್ಞ ಎದುವಾರ್ ಬೆನೆದಿಕ್ತುಸ್ ಪ್ರಯೋಗಾಲಯದಲ್ಲಿ ಕೆಳಗೆ ಬಿದ್ದ ಸೀಸೆಯೊಂದು ಬಿರುಕು ಬಿಟ್ಟರೂ ಚೂರಾಗದಿದ್ದುದನ್ನು ಗಮನಿಸಿದನು. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅದನ್ನು ಹಿಡಿದಿಟ್ಟಿತ್ತು. ಎರಡು ಗಾಜಿನ ನಡುವೆ ಪೊರೆಯೊಂದನ್ನು ಸೇರಿಸಿ ಅಂಟಿಸುವ ವಿಧಾನಕ್ಕೆ ಅವನು 1909ರಲ್ಲಿ ಹಕ್ಕುಪತ್ರ ಪಡೆದನು. ಇದೇ ಪದರಗಾಜು, ಅಂದರೆ ಲ್ಯಾಮಿನೇಟೆಡ್ ಗಾಜು. ಆರಂಭದ ಪೊರೆ ಬಿಸಿಲಿಗೆ ಹಳದಿಯಾಗುತ್ತಿದ್ದುದರಿಂದ, 1930ರ ದಶಕದ ಕೊನೆಯಲ್ಲಿ ಪಾಲಿವಿನೈಲ್ ಬ್ಯೂಟಿರಾಲ್ ಎಂಬ ಬಾಗುವ ಪ್ಲಾಸ್ಟಿಕ್ ಅದರ ಸ್ಥಾನಕ್ಕೆ ಬಂದು ಇಂದಿಗೂ ಉಳಿದಿದೆ. ಇನ್ನೊಂದು ದಾರಿ ಟಫನ್ಡ್ ಗಾಜಿನದು: ಗಾಜನ್ನು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ ಗಾಳಿಯಿಂದ ತಟ್ಟನೆ ತಣಿಸಿದಾಗ ಮೇಲ್ಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ನಿಂತು ಅದು ಬಲಗೊಳ್ಳುತ್ತದೆ, ಆದರೆ ಆ ಸಮತೋಲ ಒಂದೆಡೆ ತಪ್ಪಿದರೂ ಇಡೀ ಗಾಜು ಕಾಳಿನಂತೆ ಪುಡಿಯಾಗುತ್ತದೆ.

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಭಾರತದ ಜೀಪುಗಳಲ್ಲಿ ಮತ್ತು ಅನೇಕ ಲಾರಿಗಳಲ್ಲಿ ಮುಂದಿನ ಗಾಜು ಚಪ್ಪಟೆಯಾಗಿ ಎರಡು ತುಂಡುಗಳಲ್ಲಿ ಇರುತ್ತಿತ್ತು. ಲಾರಿಯ ಕಾರ್ಖಾನೆಯಿಂದ ಬಹುಮಟ್ಟಿಗೆ ಚಾಸಿ ಮಾತ್ರ ಬರುತ್ತಿದ್ದು, ಬಾಡಿ ಕಟ್ಟುವ ಕೆಲಸವು ಬಡಗಿ, ಕಮ್ಮಾರ, ಬಣ್ಣದವರಿಗೆ ಸೇರಿತ್ತು. ಚಪ್ಪಟೆ ಗಾಜು ಒಡೆದರೆ ಹಾಳೆಯನ್ನು ಅಳತೆಗೆ ಕೊಯ್ದು ರಬ್ಬರ್ ಬೀಡಿಂಗಿನಲ್ಲಿ ಕೂರಿಸುವುದು ಊರಿನ ಗಾಜಿನವನಿಗೂ ಸಾಧ್ಯವಿತ್ತು. ಬೀಡಿಂಗಿನ ತೋಡಿನಲ್ಲಿ ಹುರಿ ಇಟ್ಟು, ಒಳಗಿನಿಂದ ಎಳೆಯುತ್ತ ರಬ್ಬರಿನ ತುಟಿಯನ್ನು ಚೌಕಟ್ಟಿನ ಮೇಲೆ ಹಾಯಿಸುವುದು ಆ ಕೆಲಸದ ಕೈಚಳಕವಾಗಿತ್ತು. ಬಾಗಿದ ಒಂದೇ ಗಾಜು ಬಳಕೆಗೆ ಬಂದಾಗ ಈ ಸ್ವಾತಂತ್ರ್ಯ ಹೋಯಿತು, ಏಕೆಂದರೆ ಅಚ್ಚಿನಲ್ಲಿ ಬಾಗಿಸಿದ ಗಾಜನ್ನು ಕಾರ್ಖಾನೆಯಿಂದಲೇ ತರಿಸಬೇಕಿತ್ತು. ಆ ಗಾಜು ಟಫನ್ಡ್ ಆಗಿದ್ದರೆ ಕಲ್ಲೇಟಿಗೆ ಕ್ಷಣದಲ್ಲಿ ಬೆಳ್ಳಗಾಗಿ ದಾರಿಯೇ ಮರೆಯಾಗುತ್ತಿದ್ದುದರಿಂದ, ಚಾಲಕನು ಮುಷ್ಟಿಯಿಂದ ಅದನ್ನು ತೂತು ಮಾಡಿ ನೋಡುತ್ತ ಗಾಡಿಯನ್ನು ಬದಿಗೆ ತರಬೇಕಾಗುತ್ತಿತ್ತು.

ಈ ಅಪಾಯಕ್ಕೆ ಕಾನೂನಿನ ಉತ್ತರ ತಡವಾಗಿ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮವು ವಾಹನದ ಗಾಜುಗಳೆಲ್ಲ ಸುರಕ್ಷತಾ ಗಾಜಾಗಿರಬೇಕೆಂದು ವಿಧಿಸಿತು. 1993ರ ತಿದ್ದುಪಡಿಯು ಅದು ಜಾರಿಯಾದ ಮೂರು ವರ್ಷಗಳ ಬಳಿಕ ತಯಾರಾಗುವ ವಾಹನಗಳ ಮುಂದಿನ ಗಾಜು ಪದರಗಾಜೇ ಆಗಿರಬೇಕೆಂದು ಗೊತ್ತುಪಡಿಸಿತು. ಬಿರುಕು ಬಿಟ್ಟರೂ ಗಾಜು ಚೂರಾಗಿ ಹಾರುವುದಿಲ್ಲವೆಂಬ ಈ ಭರವಸೆ ಪ್ರಯಾಣಿಕನಿಗೆ ಸರ್ಕಾರವು ಬರೆದುಕೊಟ್ಟ ಒಂದು ಕೌಲೇ ಸರಿ.

ಆ ಭರವಸೆಯನ್ನು ಬಳ್ಳಾರಿಯ ರಸ್ತೆಗಳು ಬೇಗನೆ ಪರೀಕ್ಷೆಗೆ ಒಡ್ಡಿದವು. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿ, ಸಂಡೂರು, ಹೊಸಪೇಟೆ, ಬಳ್ಳಾರಿಗಳಿಂದ ಬಂದರುಗಳ ಕಡೆಗೆ ಲಾರಿಗಳು ಹಗಲಿರುಳು ಸಾಲುಗಟ್ಟಿದವು. ಅದಿರಿನ ಮುಖ್ಯ ಖನಿಜವಾದ ಹೆಮಟೈಟ್ ಗ್ರಾನೈಟಿಗಿಂತ ಹೆಚ್ಚುಕಡಿಮೆ ಇಮ್ಮಡಿ ಸಾಂದ್ರವಾಗಿರುವುದರಿಂದ, ಹೇರಿನಿಂದ ಉದುರಿದ ಅದಿರಿನ ಹರಳು ಅಷ್ಟೇ ಗಾತ್ರದ ಜಲ್ಲಿಗಿಂತ ಬಲವಾದ ಪೆಟ್ಟು ಕೊಡುತ್ತದೆ. ಮಿತಿಮೀರಿದ ಹೇರು, ಸರಿಯಾಗಿ ಮುಚ್ಚದ ಟಾರ್ಪಾಲು, ಕಿತ್ತುಹೋದ ರಸ್ತೆ ಈ ಮೂರೂ ಸೇರಿದಲ್ಲಿ ಗಾಜು ಉಳಿಯುವುದು ಕಷ್ಟ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ ಆ ಸಾಲು ನಿಂತಿತು, ಆದರೆ ಗಣಿಗಾರಿಕೆ ನಿಯಂತ್ರಣದಲ್ಲಿ ಮತ್ತೆ ಆರಂಭವಾದಾಗ ಅದಿರಿನ ಸಾಗಣೆಯೂ ಮರಳಿತು.

ಪದರಗಾಜು ಗಾಜಿನವನ ಕಸುಬಿಗೆ ಹೊಸ ವಿದ್ಯೆಯೊಂದನ್ನು ಸೇರಿಸಿತು. ಪೆಟ್ಟು ಹೊರಪದರಕ್ಕೆ ಮಾತ್ರ ತಗಲಿದ್ದರೆ, ಗಾಯದ ಮೇಲೆ ಸಣ್ಣ ಉಪಕರಣವನ್ನು ಕೂರಿಸಿ ಒಳಗಿನ ಗಾಳಿಯನ್ನು ಎಳೆದು, ಗಾಜಿನಂತೆಯೇ ಬೆಳಕನ್ನು ಬಾಗಿಸುವ ರಾಳವನ್ನು ಒತ್ತಿ ತುಂಬಿ, ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ರೂಪಾಯಿ ನಾಣ್ಯದಷ್ಟರ ಒಳಗಿನ ಚಕ್ಕೆಗೆ ಇದು ಒಗ್ಗುತ್ತದೆ. ಚಾಲಕನ ನೇರ ನೋಟದಲ್ಲಿರುವ, ಅಂಚನ್ನು ಮುಟ್ಟಿದ ಅಥವಾ ಉದ್ದಕ್ಕೆ ಹರಿದ ಬಿರುಕಿಗೆ ಗಾಜು ಬದಲಿಸುವುದೇ ದಾರಿ. ಬಿರುಕಿನ ತುದಿಯಲ್ಲಿ ಎಳೆತ ಕೇಂದ್ರೀಕರಿಸುತ್ತದೆ; ಅಂತಹ ಬಿರುಕು ಯಾವಾಗ ಬೆಳೆಯುತ್ತದೆ ಎಂಬುದರ ವಿವರಣೆಯನ್ನು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ್ದನು. ತೇವವು ಆ ತುದಿಯನ್ನು ಇನ್ನಷ್ಟು ಸಡಿಲಿಸುತ್ತದೆ. ಆದ್ದರಿಂದ ಬಳ್ಳಾರಿಯ ಬೇಸಿಗೆಯಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವುದರಿಂದಲೂ, ಒಳಗೆ ಏಸಿಯ ತಂಪನ್ನು ನೇರವಾಗಿ ಗಾಜಿಗೆ ಬಿಡುವುದರಿಂದಲೂ ನಿನ್ನೆಯ ಚಕ್ಕೆ ಇಂದಿನ ಬಿರುಕಾಗಿ ಬೆಳೆಯಬಹುದು. ಪೆಟ್ಟು ಬಿದ್ದ ಕೂಡಲೇ ಪಾರದರ್ಶಕ ಟೇಪನ್ನು ಅಂಟಿಸಿ ಧೂಳು ತೇವಗಳನ್ನು ತಡೆದು, ತಡಮಾಡದೆ ತುಂಬಿಸುವುದು ಇದಕ್ಕೆ ಸರಿಯಾದ ಕ್ರಮ. ಇಂದಿನ ಕಾರುಗಳಲ್ಲಿ ಗಾಜನ್ನು ಬೀಡಿಂಗಿನ ಬದಲು ಪಾಲಿಯುರಿಥೇನ್ ಅಂಟಿನಿಂದ ಚೌಕಟ್ಟಿಗೆ ಬೆಸೆಯುವುದರಿಂದ ಅದು ವಾಹನದ ಬಾಡಿಯ ಬಲದ ಭಾಗವೂ, ಮುಂದಿನ ಪ್ರಯಾಣಿಕನ ಏರ್‌ಬ್ಯಾಗಿಗೆ ಆಸರೆಯೂ ಆಗಿದೆ. ಅಂಟು ಒಣಗುವ ಮುನ್ನ ಗಾಡಿ ಓಡಿಸಿದರೆ ಆ ಬಲ ದಕ್ಕುವುದಿಲ್ಲ.

ಹೀಗೆ ಒಂದು ಶತಮಾನದ ಶೋಧನೆಯೆಲ್ಲ ಪೆಟ್ಟು ತಿಂದ ಗಾಜನ್ನು ಹಿಡಿದಿಡುವುದಕ್ಕೆ ಮತ್ತು ಸರಿಪಡಿಸುವುದಕ್ಕೆ ಸಂದಿದ್ದು, ವೆಚ್ಚವೂ ಶ್ರಮವೂ ಪೆಟ್ಟು ತಿಂದವನ ಪಾಲಿಗೇ ಬಂದಿವೆ. ಕಲ್ಲು ಹೊರಡುವ ಕಡೆಯಲ್ಲಿ ಬೇಕಾದುದು ಹೊಸ ವಿಜ್ಞಾನವಲ್ಲ: ಮಿತಿಯೊಳಗಿನ ಹೇರು, ಅದರ ಮೇಲೆ ಬಿಗಿದು ಕಟ್ಟಿದ ಟಾರ್ಪಾಲು, ಎರೆಮಣ್ಣಿನ ಗುಣ ಅರಿತು ಕಟ್ಟಿದ ರಸ್ತೆ. ಹಿಂದೆ ಬರುವ ಅಪರಿಚಿತನಿಗೆ ಮುಂದಿನ ಲಾರಿಯು ಕೊಡಬೇಕಾದ ಆ ಕೌಲು ಸಿರುಗುಪ್ಪ, ಸಂಡೂರುಗಳ ಹಾದಿಯಲ್ಲಿ ಪೂರ್ತಿಯಾಗಿ ನಡೆದ ದಿನ ಗಾಜಿನವನ ಕೈಯಲ್ಲಿ ರಾಳದ ಕೆಲಸ ಕಡಿಮೆಯಾಗುತ್ತದೆ.